ಎರಡು ಗುಂಪಿನ ಶುಗರ್ ಗ್ಲೈಡರ್‌ಗಳನ್ನು ಒಂದೇ ಪಂಜರಕ್ಕೆ ತಂದ ಅನುಭವ

ಟೆಕ್ಸಾಸ್‌ನ ಆಸ್ಟಿನ್‌ನಲ್ಲಿರುವ ನಮ್ಮ ಮನೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ ಎಂಬ ಮೂರು ಶುಗರ್ ಗ್ಲೈಡರ್‌ಗಳು, ಅಂದರೆ ಮರದಿಂದ ಮರಕ್ಕೆ ತೇಲಿಹೋಗುವ ಪುಟ್ಟ ಪ್ರಾಣಿಗಳು, ನಾಲ್ಕು ವರ್ಷಗಳಿಂದ ಇವೆ. ಬೆಲ್ಲ ಗಂಡು, ಉಳಿದೆರಡು ಹೆಣ್ಣು. ಕಳೆದ ವರ್ಷ ನನ್ನ ಕಿರಿಯ ಗೆಳತಿಯೊಬ್ಬಳಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತು. ಆ ರಾಜ್ಯದಲ್ಲಿ ಈ ಪ್ರಾಣಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧವಾದ್ದರಿಂದ ಅವಳ ಗುಂಡ ಮತ್ತು ಚಿನ್ನಿ ನಮ್ಮ ಮನೆಗೆ ಬಂದವು. ಹೊರಡುವ ದಿನ ಅವಳು, "ಅಕ್ಕಾ, ಇವು ನಿಮ್ಮವುಗಳ ಜೊತೆ ಹೊಂದಿಕೊಳ್ಳುತ್ತವೆಯೇ?" ಎಂದು ಕೇಳಿದಳು. ಅದಕ್ಕೆ ಖಚಿತವಾದ ಉತ್ತರ ಹೇಳಲು ನನಗೆ ಮೂರೂವರೆ ತಿಂಗಳು ಬೇಕಾಯಿತು.

ಇವು ಮುಂಗಾಲಿನಿಂದ ಹಿಂಗಾಲಿನವರೆಗೆ ಹರಡಿರುವ ಚರ್ಮವನ್ನು ಬಿಚ್ಚಿ ತೇಲುವುದನ್ನು ನೋಡಿದರೆ ನಮ್ಮ ಮಲೆನಾಡಿನ ಹಾರುಬೆಕ್ಕು ನೆನಪಾಗುತ್ತದೆ. ಆದರೆ ಹಾರುಬೆಕ್ಕು ಅಳಿಲಿನ ಬಳಗದ್ದು. ಶುಗರ್ ಗ್ಲೈಡರ್ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಡೆಯ, ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿ ಬೆಳೆಸುವ ಪ್ರಾಣಿ. ಕಾಡಿನಲ್ಲಿ ಇವು ಮರದ ಪೊಟರೆಗಳಲ್ಲಿ ಗುಂಪಾಗಿ ಬಾಳುತ್ತವೆ ಮತ್ತು ತಮ್ಮವರನ್ನು ವಾಸನೆಯಿಂದ ಗುರುತಿಸುತ್ತವೆ. ಗುಂಪಿನ ಹಿರಿಯ ಗಂಡು ತನ್ನ ಹಣೆಯ ಮತ್ತು ಎದೆಯ ಗ್ರಂಥಿಗಳನ್ನು ಉಳಿದವುಗಳ ಮೈಗೆ ಉಜ್ಜಿ ಎಲ್ಲರಿಗೂ ಒಂದೇ ವಾಸನೆ ಹಚ್ಚುತ್ತದೆ. ಆ ವಾಸನೆಯಿಲ್ಲದೆ ಒಳಗೆ ಬಂದ ಯಾವ ಗ್ಲೈಡರ್ ಆದರೂ ಅವುಗಳ ಪಾಲಿಗೆ ಶತ್ರು. ಆದ್ದರಿಂದ ಐದೂ ಪ್ರಾಣಿಗಳು ಮುಖಾಮುಖಿಯಾಗುವ ಮೊದಲೇ ಅವುಗಳ ವಾಸನೆಗಳು ಪರಸ್ಪರ ಬೆರೆತಿರಬೇಕು ಎಂಬುದನ್ನು ಆಧಾರವಾಗಿಟ್ಟುಕೊಂಡು ನಾನು ಕೆಲಸ ಆರಂಭಿಸಿದೆ.

ಮೊದಲ ಮೂವತ್ತು ದಿನ ಹೊಸ ಜೋಡಿಯನ್ನು ಬೇರೆ ಕೋಣೆಯಲ್ಲಿ ಇಟ್ಟು, ನಮ್ಮವುಗಳಿಗೆ ಊಟ ಹಾಕಿದ ನಂತರವೇ ಅಲ್ಲಿಗೆ ಹೋಗುತ್ತಿದ್ದೆ. ಪಶುವೈದ್ಯರು ಹಿಕ್ಕೆಯನ್ನು ಪರೀಕ್ಷಿಸಿ ಪರಾವಲಂಬಿಗಳಿಲ್ಲವೆಂದು ದೃಢಪಡಿಸಿದರು. ಚಿನ್ನಿಯ ಹೊಟ್ಟೆಚೀಲದಲ್ಲಿ ಮರಿಯಿಲ್ಲವೆಂಬುದನ್ನೂ ನೋಡಿದರು. ಈ ಎರಡನೆಯ ಪರೀಕ್ಷೆಯನ್ನು ಯಾರೂ ಬಿಡಬಾರದು, ಏಕೆಂದರೆ ಹೊಸ ಗುಂಪಿನ ಪ್ರಾಣಿಗಳು, ಮುಖ್ಯವಾಗಿ ಗಂಡುಗಳು, ಬೇರೆಯವರ ಮರಿಯನ್ನು ಕೊಂದುಬಿಡುವುದುಂಟು. ಗುಂಡನಿಗೆ ಸಂತಾನಹರಣ ಚಿಕಿತ್ಸೆ ಆಗಿರಲಿಲ್ಲ. ಅದರ ಗುರುತಾಗಿ ಅವನ ನೆತ್ತಿಯ ಮೇಲೆ, ವಾಸನೆಯ ಗ್ರಂಥಿ ಇರುವಲ್ಲಿ, ಕೂದಲಿಲ್ಲದ ಹೊಳೆಯುವ ಬೋಳು ಮಚ್ಚೆ ಸ್ಪಷ್ಟವಾಗಿತ್ತು. ಎರಡನೆಯ ವಾರದಲ್ಲಿ ಆ ಶಸ್ತ್ರಚಿಕಿತ್ಸೆ ಮಾಡಿಸಿದೆ. ಗಾಯ ಬೇಗ ಮಾಯುತ್ತದೆ, ಆದರೆ ಹಾರ್ಮೋನುಗಳ ಪ್ರಭಾವ ತಗ್ಗಲು ವಾರಗಳೇ ಬೇಕು. ಮುಂದೆ ಆ ಬೋಳು ಮಚ್ಚೆಯಲ್ಲಿ ಕೂದಲು ನವಿರಾಗಿ ಮೂಡಿದ್ದನ್ನು ಕಂಡಾಗ ನನಗೆ ಧೈರ್ಯ ಬಂತು. ಇದೇ ಅವಧಿಯಲ್ಲಿ ಹೊಸ ಜೋಡಿಯ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ನಮ್ಮ ಮನೆಯ ಆಹಾರಕ್ಕೆ ಬದಲಿಸಿದೆ.

ಐದನೆಯ ವಾರ ಎರಡೂ ಪಂಜರಗಳನ್ನು ಒಂದೇ ಕೋಣೆಗೆ ತಂದು ನಡುವೆ ಒಂದೂವರೆ ಅಡಿ ಅಂತರ ಬಿಟ್ಟೆ. ಪಂಜರಗಳನ್ನು ಒತ್ತಾಗಿ ಇಟ್ಟರೆ ಸರಳುಗಳ ಸಂದಿಯಿಂದ ಒಂದು ಇನ್ನೊಂದರ ಬೆರಳನ್ನು ಕಚ್ಚಿ ಹರಿಯಬಹುದು. ಪ್ರತಿದಿನ ಮಧ್ಯಾಹ್ನ, ಅವು ಗಾಢ ನಿದ್ರೆಯಲ್ಲಿರುವಾಗ, ಒಂದು ಗುಂಪು ಹಿಂದಿನ ದಿನ ಮಲಗಿದ್ದ ಬಟ್ಟೆಯ ಚೀಲವನ್ನು ಇನ್ನೊಂದರ ಪಂಜರದಲ್ಲಿ ತೂಗುಹಾಕುತ್ತಿದ್ದೆ. ಮೊದಲ ರಾತ್ರಿ ಬೆಲ್ಲ ಆ ಚೀಲವನ್ನು ಕಂಡು ಕರ್ರೆಂದು ಕೂಗಿ, ಅದರ ಮೇಲೆಲ್ಲ ತನ್ನ ಎದೆಯನ್ನು ಉಜ್ಜಿದ. ಕೊಬ್ಬರಿ ಮಾತ್ರ ಮೂರನೆಯ ರಾತ್ರಿಯೇ ಅದರೊಳಗೆ ಹೋಗಿ ಮಲಗಿದಳು.

ಏಳನೆಯ ವಾರ ನಾನು ಆತುರಪಟ್ಟು ತಪ್ಪು ಮಾಡಿದೆ. ಯಾರಿಗೂ ಸೇರದ ಜಾಗದಲ್ಲಿ ಭೇಟಿ ಮಾಡಿಸಬೇಕೆಂಬ ನಿಯಮ ನನಗೆ ಗೊತ್ತಿತ್ತು. ಅದಕ್ಕಾಗಿ ಸ್ನಾನದ ಕೋಣೆಯನ್ನು ತೊಳೆದು, ಶೌಚದ ಮುಚ್ಚಳ ಹಾಕಿ, ಸಂದುಗಳಿಗೆ ಬಟ್ಟೆ ತುರುಕಿ ಐದನ್ನೂ ಒಟ್ಟಿಗೆ ಬಿಟ್ಟೆ. ಒಂದು ನಿಮಿಷದೊಳಗೆ ಬೆಲ್ಲ ಮತ್ತು ಗುಂಡ ಒಂದನ್ನೊಂದು ಅಪ್ಪಿಹಿಡಿದು, ಉಂಡೆಯಾಗಿ ಉರುಳುತ್ತಾ ಚೀರಿದವು. ದಪ್ಪ ಟವೆಲ್ ಹಾಕಿ ಬಿಡಿಸುವಷ್ಟರಲ್ಲಿ ಗುಂಡನ ಕಿವಿಯಂಚು ಹರಿದಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೊಳೆದದ್ದು ಮರುದಿನ: ನಾಲ್ಕು ವರ್ಷಗಳಿಂದ ಪ್ರತಿ ಸಂಜೆ ನಮ್ಮ ಮೂರನ್ನೂ ಆಡಲು ಬಿಡುತ್ತಿದ್ದುದು ಅದೇ ಕೋಣೆಯಲ್ಲಿ. ನನ್ನ ಕಣ್ಣಿಗೆ ಸ್ವಚ್ಛವಾಗಿ ಕಂಡ ಆ ಜಾಗ ಬೆಲ್ಲನ ಮೂಗಿಗೆ ಅವನದೇ ಮನೆಯಾಗಿತ್ತು. ಅಲ್ಲದೆ ಅವನ ವಾಸನೆ ಹತ್ತಿದ ಅಂಗಿಯನ್ನೇ ನಾನು ತೊಟ್ಟಿದ್ದೆ.

ಕಿವಿ ಮಾಯುವವರೆಗೆ ಮುಖಾಮುಖಿ ನಿಲ್ಲಿಸಿ, ಮತ್ತೆ ಎರಡು ವಾರ ಚೀಲಗಳ ವಿನಿಮಯವನ್ನಷ್ಟೇ ಮಾಡಿದೆ. ಬಲೆಯ ಗೋಡೆಗಳಿರುವ, ಜಿಪ್ ಹಾಕುವ ಹೊಸ ಗುಡಾರವೊಂದನ್ನು ತಂದು, ನಮ್ಮವು ಎಂದೂ ಕಾಲಿಡದ ಕೋಣೆಯಲ್ಲಿ ನಿಲ್ಲಿಸಿ, ಆಗತಾನೆ ಒಗೆದ ಬಟ್ಟೆ ತೊಟ್ಟು ಒಳಗೆ ಕುಳಿತೆ. ಈ ಬಾರಿ ಎಲ್ಲವನ್ನೂ ಒಟ್ಟಿಗೆ ಬಿಡಲಿಲ್ಲ. ಕೊಬ್ಬರಿ ಮತ್ತು ಚಿನ್ನಿಯನ್ನು ಮಾತ್ರ ಹತ್ತು ನಿಮಿಷ ಬಿಟ್ಟೆ. ಸ್ವಲ್ಪ ಕೂಗಾಟದ ನಂತರ ಇಬ್ಬರೂ ನನ್ನ ಬೆರಳಿನ ಮೊಸರನ್ನು ನೆಕ್ಕಿದರು. ಎಲ್ಲವನ್ನೂ ಒಮ್ಮೆಗೇ ಬಿಟ್ಟರೆ ಗುಂಪು ಒಬ್ಬರ ಮೇಲೆಯೇ ಬೀಳುವುದಿಲ್ಲ ಎನ್ನುವ ಅನುಭವಿಗಳೂ ಇದ್ದಾರೆ. ನನ್ನ ಪ್ರಾಣಿಗಳ ವಿಷಯದಲ್ಲಿ ಒಂದೊಂದಾಗಿ ಸೇರಿಸಿದ್ದೇ ಸರಿಹೋಯಿತು. ಆದರೆ ಇದರಲ್ಲಿ ಒಂದು ಅಪಾಯವಿದೆ. ಚಿನ್ನಿಯ ವಾಸನೆ ಹೊತ್ತು ಮರಳಿದ ಕೊಬ್ಬರಿಯನ್ನು ಬೆಲ್ಲನೇ ಅಪರಿಚಿತಳೆಂದು ಭಾವಿಸಬಹುದು. ಅದನ್ನು ತಪ್ಪಿಸಲು, ಗುಡಾರದಿಂದ ಬಂದ ಮೇಲೆ ಅವಳನ್ನು ಬೆಲ್ಲ ಮಲಗಿದ್ದ ಚೀಲದಲ್ಲಿ ಅರ್ಧ ಗಂಟೆ ಇರಿಸಿ, ಅನಂತರವೇ ಪಂಜರಕ್ಕೆ ಬಿಡುತ್ತಿದ್ದೆ.

ಹೆಣ್ಣುಗಳು ಮೂರೂ ಹೊಂದಿಕೊಂಡ ಮೇಲೆ ಗುಂಡ ಅವುಗಳ ಜೊತೆ ಸೇರಿದ. ಬೆಲ್ಲನನ್ನು ಕೊನೆಗೆ, ಹನ್ನೆರಡನೆಯ ವಾರದಲ್ಲಿ, ಕರೆತಂದೆ. ಕೂಗುವುದು, ಅಟ್ಟಿಸಿಕೊಂಡು ಹೋಗುವುದು, ಮುಂಗಾಲಿನಿಂದ ಹೊಡೆಯುವುದು ಇವೆಲ್ಲ ಹಿರಿತನವನ್ನು ನಿರ್ಧರಿಸುವ ರೀತಿ. ಇಂಥದಕ್ಕೆ ನಾನು ಕೈಹಾಕಲಿಲ್ಲ. ಕೂದಲು ಕಿತ್ತುಬಂದರೆ, ರಕ್ತ ಕಂಡರೆ ಅಥವಾ ಎರಡೂ ಉಂಡೆಯಾದರೆ ಅಂದಿನ ಭೇಟಿ ಅಲ್ಲಿಗೇ ಮುಗಿಯುತ್ತಿತ್ತು. ಆರನೆಯ ಭೇಟಿಯಲ್ಲಿ ಗುಂಡ ತಲೆ ತಗ್ಗಿಸಿ ನಿಂತ. ಬೆಲ್ಲ ತನ್ನ ಹಣೆಯನ್ನು ಅವನ ಎದೆಗೆ ಉಜ್ಜಿದ. ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ.

ಹದಿನಾಲ್ಕನೆಯ ವಾರ ದೊಡ್ಡ ಪಂಜರವನ್ನು ವಿನಿಗರ್ ಬೆರೆಸಿದ ನೀರಿನಿಂದ ತೊಳೆದು, ಕೊಂಬೆ, ಚಕ್ರ, ಚೀಲ ಎಲ್ಲವನ್ನೂ ಹೊಸ ಜಾಗಗಳಲ್ಲಿ ಜೋಡಿಸಿದೆ. ಊಟದ ಬಟ್ಟಲು ಮೂರು, ಮಲಗುವ ಚೀಲ ಮೂರು ಇಟ್ಟೆ. ಒಂದೇ ಬಟ್ಟಲಿದ್ದರೆ ದುರ್ಬಲ ಪ್ರಾಣಿ ಹಸಿದಿರುವುದು ನಮಗೆ ತಿಳಿಯುವುದೇ ಇಲ್ಲ. ಗುಡಾರದಲ್ಲಿ ಒಟ್ಟಿಗೆ ಮಲಗಿದ್ದ ಐದನ್ನೂ ಚೀಲ ಸಮೇತ ಬೆಳಗಿನ ಹೊತ್ತು ಒಳಗೆ ತೂಗುಹಾಕಿ, ಆ ರಾತ್ರಿ ಪಂಜರದ ಪಕ್ಕದಲ್ಲೇ ಹಾಸಿಗೆ ಹಾಸಿಕೊಂಡೆ. ಜಗಳವಾಗಲಿಲ್ಲ. ನಂತರ ಒಂದು ತಿಂಗಳು ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಐದನ್ನೂ ತೂಗಿ ಬರೆದಿಟ್ಟೆ. ಮೊದಲ ವಾರ ಗುಂಡ ನಾಲ್ಕು ಗ್ರಾಂ ಇಳಿದಿದ್ದ, ಮೂರನೆಯ ವಾರ ಮತ್ತೆ ಮೊದಲಿನ ತೂಕಕ್ಕೆ ಬಂದ. ಗೆಳತಿಗೆ ಒಂದು ಫೋಟೋ ಕಳುಹಿಸಿದೆ. ಮೂರು ಚೀಲಗಳಲ್ಲಿ ಎರಡು ಖಾಲಿಯಾಗಿದ್ದವು. ಮೂರನೆಯದರ ಬಾಯಿಯಿಂದ ಐದು ಬಾಲಗಳು ಹೊರಗೆ ಇಳಿಬಿದ್ದಿದ್ದವು.