ಕುದುರೆ ನಿಮ್ಮನ್ನು ನಂಬಬೇಕಾ? ಮೊದಲು ಹಗ್ಗ ಬಿಟ್ಟು ಹೋಗಿ

ಕೈಯಲ್ಲಿ ಹಗ್ಗ ಹಿಡಿದು ಬಯಲಿಗೆ ಕಾಲಿಟ್ಟ ಕೂಡಲೇ ಕುದುರೆ ಬೆನ್ನು ತಿರುಗಿಸಿ ಹೊರಟುಬಿಡುತ್ತದೆ. ನೀವು ಹತ್ತು ಹೆಜ್ಜೆ ಹಾಕಿದರೆ ಅದೂ ಹತ್ತು ಹೆಜ್ಜೆ. ನೀವು ನಿಂತರೆ ಅದೂ ನಿಂತು ಹುಲ್ಲಿಗೆ ಬಾಯಿ ಹಾಕುತ್ತದೆ, ಒಂದು ಕಿವಿ ಮಾತ್ರ ನಿಮ್ಮ ಕಡೆಗೇ ಇರುತ್ತದೆ. ನನಗಂತೂ ಒಂದು ಕಂದು ಬಣ್ಣದ ಹೆಣ್ಣು ಕುದುರೆ ಮೂರು ವಾರ ಹೀಗೇ ನೀರು ಕುಡಿಸಿತು.

ಕೊನೆಗೆ ಲಾಯ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನ್ನ ಕೈಯಿಂದ ಹಗ್ಗ ಇಸಿದುಕೊಂಡರು. "ನೀನು ಹೋದಾಗಲೆಲ್ಲ ಅದಕ್ಕೆ ಕೆಲಸಾನೇ ಕಾದಿರುತ್ತಲ್ಲಪ್ಪ, ಯಾಕೆ ಬರುತ್ತೆ ಹೇಳು? ಇವತ್ತು ಬರಿಗೈಲಿ ಹೋಗು. ನಿಂತ್ಕೋ. ಅದು ಹೊರಡೋಕೆ ಮೊದಲು ನೀನೇ ವಾಪಸ್ ಬಾ." ಅಷ್ಟೇ ಪಾಠ. ಇದರಲ್ಲಿ ಏನು ಮಹಾ ಇದೆ ಅಂತ ಆಗ ಅನ್ನಿಸಿತ್ತು. ಈಗ ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ವಿದ್ಯೆ ಇಷ್ಟೇ ಅನ್ನುತ್ತೇನೆ: ಯಾವಾಗ ಬಿಡಬೇಕು ಅಂತ ಗೊತ್ತಿರುವುದು. ಕೆಳಗೆ ಬರೆದಿರುವುದೆಲ್ಲ ಅದರ ವಿವರ.

ಅದಕ್ಕೆ ಲೋಕ ಹೇಗೆ ಕಾಣುತ್ತದೆ

ನಾಯಿ ಸಾಕಿದವರು ಕುದುರೆ ಹತ್ತಿರ ಬಂದಾಗ ಮಾಡುವ ಮೊದಲ ತಪ್ಪು ಅದನ್ನು ದೊಡ್ಡ ನಾಯಿ ಅಂದುಕೊಳ್ಳುವುದು. ನಾಯಿ ಬೇಟೆಯಾಡುವ ಜಾತಿ. ಕುದುರೆ ಬೇಟೆಗೆ ಸಿಕ್ಕಿ ಸಾಯುತ್ತಿದ್ದ ಜಾತಿ. ಈಗಿನ ಸಾಕು ಕುದುರೆಗಳ ವಂಶ ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಉತ್ತರದ ಹುಲ್ಲುಗಾವಲಿನಿಂದ ಎಲ್ಲೆಡೆ ಹರಡಲು ಶುರುವಾಗಿದ್ದು ಸುಮಾರು 4,200 ವರ್ಷಗಳ ಹಿಂದೆ, ಅಷ್ಟು ಹೊತ್ತಿಗೆ ನಾಯಿ ಮನುಷ್ಯನ ಜೊತೆ ಎಷ್ಟೋ ಸಾವಿರ ವರ್ಷ ಕಳೆದಾಗಿತ್ತು. ಹಾಗಾಗಿ ಕುದುರೆಯ ಮೈಯಲ್ಲಿ ಇವತ್ತಿಗೂ ಇರುವ ಮೊದಲ ನಿಯಮ ಒಂದೇ, ಮೊದಲು ಓಡು, ಆಮೇಲೆ ನೋಡು.

ಕಣ್ಣು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಹತ್ತಿರ ಹತ್ತಿರ 350 ಡಿಗ್ರಿ ಅದಕ್ಕೆ ಕಾಣುತ್ತದೆ. ಕಾಣದೇ ಇರುವುದು ಎರಡೇ ಜಾಗ, ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ, ಮೂಗಿನ ಹತ್ತಿರ. ಈಗ ಯೋಚನೆ ಮಾಡಿ, ಹೊಸಬರು ಬಂದ ಕೂಡಲೇ ಏನು ಮಾಡುತ್ತಾರೆ? ನೇರ ಎದುರಿಗೆ ಹೋಗಿ ಹಣೆ ಸವರಲು ಕೈ ಚಾಚುತ್ತಾರೆ. ಕುದುರೆಯ ಲೆಕ್ಕದಲ್ಲಿ ಆ ಕೈ ಇದ್ದಕ್ಕಿದ್ದಂತೆ ಮಾಯವಾಗಿ ಮುಖದ ಮೇಲೆ ಬಂದು ಬೀಳುತ್ತದೆ. ಅದು ತಲೆ ಎತ್ತಿ ಹಿಂದೆ ಸರಿದರೆ "ಪೊಗರು" ಅನ್ನುತ್ತೇವೆ.

ಹಾಗಾಗಿ ಭುಜದ ಕಡೆಯಿಂದ ಓರೆಯಾಗಿ ಹೋಗಿ. ಮಾತಾಡುತ್ತಾ ಹೋಗಿ, ಏನು ಮಾತು ಅನ್ನುವುದು ಮುಖ್ಯವಲ್ಲ, ನಾನು ತರಕಾರಿ ಪಟ್ಟಿ ಹೇಳಿಕೊಂಡು ಹೋಗಿದ್ದೂ ಇದೆ. ಹಿಂದುಗಡೆ ದಾಟಬೇಕಾದರೆ ಒಂದೋ ಮೈಗೆ ಅಂಟಿಕೊಂಡಂತೆ, ಬೆನ್ನ ಮೇಲೆ ಒಂದು ಕೈ ಇಟ್ಟು ದಾಟಿ, ಇಲ್ಲವೇ ಒದೆ ತಾಗದಷ್ಟು ದೂರದಿಂದ ದಾಟಿ. ಮಧ್ಯದ ದೂರವೇ ಅಪಾಯ. ಐನೂರು ಕಿಲೋ ತೂಗುವ ಪ್ರಾಣಿ ಅದು, ಪ್ರೀತಿ ಎಷ್ಟೇ ಇದ್ದರೂ ಬೆದರಿದಾಗ ನೀವು ಎಲ್ಲಿದ್ದೀರಿ ಅಂತ ನೋಡಿಕೊಂಡು ಒದೆಯುವುದಿಲ್ಲ.

ನಿಮ್ಮ ಮೈ ಅದಕ್ಕೆ ತೆರೆದ ಪುಸ್ತಕ

1904ರ ಹೊತ್ತಿಗೆ ಬರ್ಲಿನ್‌ನಲ್ಲಿ ಹ್ಯಾನ್ಸ್ ಅಂತ ಒಂದು ಕುದುರೆ ಭಾರೀ ಹೆಸರು ಮಾಡಿತ್ತು. ಲೆಕ್ಕ ಕೇಳಿದರೆ ಗೊರಸು ತಟ್ಟಿ ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಗುಟ್ಟು ಪತ್ತೆ ಮಾಡಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕುದುರೆಗೆ ಕಾಣದಿದ್ದರೆ, ಹ್ಯಾನ್ಸ್ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದಾಗ ಕೇಳುವವರ ತಲೆ ಅವರಿಗೇ ಗೊತ್ತಿಲ್ಲದಂತೆ ಒಂದು ಕೂದಲೆಳೆಯಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ತಟ್ಟುವುದು ನಿಲ್ಲಿಸುತ್ತಿತ್ತು. ಎಲ್ಲರೂ ಇದನ್ನು ಮೋಸ ಬಯಲಾದ ಕಥೆ ಅಂತ ಹೇಳುತ್ತಾರೆ. ನನಗೆ ಲೆಕ್ಕ ಮಾಡುವುದಕ್ಕಿಂತ ಇದೇ ದೊಡ್ಡ ಬುದ್ಧಿ ಅನ್ನಿಸುತ್ತದೆ.

ಇದರ ಅರ್ಥ, ನೀವು ಒಳಗೆ ಹಲ್ಲು ಕಚ್ಚಿಕೊಂಡು ಹೊರಗೆ "ಬಾ ಪುಟ್ಟ ಬಾ" ಅಂದರೆ ನಡೆಯುವುದಿಲ್ಲ. ಉಸಿರು ಹಿಡಿದಿದ್ದೀರಾ ನೋಡಿಕೊಳ್ಳಿ. ಭುಜ ಇಳಿಬಿಡಿ. ಆಫೀಸಿನ ಸಿಟ್ಟು ಹೊತ್ತುಕೊಂಡು ಬಂದ ದಿನ ಲಾಯ ಗುಡಿಸಿ, ನೀರು ತುಂಬಿಸಿ, ಮನೆಗೆ ಹೋಗಿ. ಏನೂ ನಷ್ಟವಿಲ್ಲ.

ಬರಿಗೈಲಿ ಹೋಗುವುದು

ಈಗ ಆ ಹಿರಿಯರ ಪಾಠ. ಹಗ್ಗ, ಹಾಲ್ಟರ್ (ಹಗ್ಗ ಕಟ್ಟಲು ತಲೆಗೆ ಹಾಕುವ ಪಟ್ಟಿ), ತಿಂಡಿ ಏನೂ ಬೇಡ. ಕುದುರೆಯ ಕಡೆ ಸುಮ್ನೆ ನಡೆಯಿರಿ, ಕಣ್ಣು ಅದರ ಮೇಲೇ ನೆಟ್ಟುಕೊಂಡಲ್ಲ, ಅಲ್ಲಿ ಇಲ್ಲಿ ನೋಡುತ್ತಾ. ಅದರ ತಲೆ ಮೇಲೆದ್ದು ಎರಡೂ ಕಿವಿ ನಿಮ್ಮ ಕಡೆ ನೆಟ್ಟಗಾದ ಜಾಗ ಇದೆಯಲ್ಲ, ಅದೇ ಗಡಿ. ಅಲ್ಲೇ ನಿಲ್ಲಿ, ಮುಂದೆ ಒಂದು ಹೆಜ್ಜೆಯೂ ಬೇಡ. ಕಾಯಿರಿ. ಅದು ತಲೆ ತಗ್ಗಿಸಿದಾಗಲೋ, ಒಂದು ಉಸಿರು ಬಿಟ್ಟಾಗಲೋ, ನೀವು ತಿರುಗಿ ನಾಲ್ಕು ಹೆಜ್ಜೆ ವಾಪಸ್ ಬನ್ನಿ. ಆಮೇಲೆ ಮತ್ತೆ ಹೋಗಿ.

ಕುದುರೆಗೆ ಆಗ ಒಂದು ವಿಷಯ ತಿಳಿಯುತ್ತದೆ: ನಾನು ಓಡಬೇಕಾಗಿಲ್ಲ, ಸ್ವಲ್ಪ ಹೇಳಿದರೂ ಇವನಿಗೆ ಕೇಳಿಸುತ್ತದೆ. ಗಡಿ ದಿನದಿನಕ್ಕೂ ಹತ್ತಿರ ಬರುತ್ತದೆ. ನನ್ನ ಹೆಣ್ಣು ಕುದುರೆಗೆ ಐದನೇ ದಿನ ಕುತೂಹಲ ತಡೆಯಲಾಗಲಿಲ್ಲ, ನಾನು ಬೆನ್ನು ಹಾಕಿ ನಿಂತಿದ್ದಾಗ ಹಿಂದಿನಿಂದ ಬಂದು ನನ್ನ ಮೊಣಕೈ ಮೂಸಿತು. ನಾನು ತಿರುಗಿ ಹಿಡಿಯಲಿಲ್ಲ. ಹಿಡಿಯಬೇಕು ಅಂತ ಕೈ ತುರಿಸಿದ್ದು ನಿಜ.

ಎಲ್ಲಿ ಕೆರೆಯಬೇಕು

ತಟ್ಟಬೇಡಿ. ಕುದುರೆಯ ಕತ್ತಿಗೆ ಪಟಪಟ ಬಾರಿಸಿ "ಭೇಷ್" ಅನ್ನುವುದು ನಮಗೆ ಖುಷಿ, ಅದಕ್ಕಲ್ಲ. ಒಂದು ನೊಣ ಕೂತರೂ ಚರ್ಮ ಅದುರಿಸಿ ಓಡಿಸುವಷ್ಟು ಸೂಕ್ಷ್ಮ ಮೈ ಅದು. ಕುದುರೆಗಳು ಒಂದಕ್ಕೊಂದು ಸ್ನೇಹ ತೋರಿಸುವುದು ಹಲ್ಲಿನಿಂದ ಕೆರೆದು, ಅದೂ ಮುಖ್ಯವಾಗಿ ಕತ್ತು ಮುಗಿದು ಬೆನ್ನು ಶುರುವಾಗುವ ಆ ಉಬ್ಬಿನ ಸುತ್ತ. ಫ್ರಾನ್ಸಿನ ಕಮಾರ್ಗ್ ತಳಿಯ ಕುದುರೆಗಳ ಮೇಲೆ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆ ಜಾಗದಲ್ಲಿ ಕೆರೆದಾಗ ಎದೆಬಡಿತ ಇಳಿಯುತ್ತದೆ ಅಂತ ಅಳೆದು ತೋರಿಸಿದ್ದಾರೆ.

ಬೆರಳ ತುದಿಯಿಂದ, ಸ್ವಲ್ಪ ಒತ್ತಿಯೇ ಕೆರೆಯಿರಿ. ಮೂರು ನಾಲ್ಕು ಸೆಕೆಂಡ್ ಆದಮೇಲೆ ಕೈ ತೆಗೆಯಿರಿ. ಹೌದು, ತೆಗೆಯಿರಿ. ನಂತರ ಅದು ಏನು ಮಾಡುತ್ತದೆ ಅನ್ನುವುದೇ ಉತ್ತರ. ನಿಮ್ಮ ಕಡೆ ವಾಲಿದರೆ ಇನ್ನೂ ಬೇಕು ಅಂತ. ಆ ಕಡೆ ಸರಿದರೆ, ಬಾಲ ಬೀಸಿದರೆ, ಸಾಕು ಅಂತ. ಸರಿಯಾದ ಜಾಗ ಸಿಕ್ಕರೆ ಮೇಲ್ತುಟಿ ಉದ್ದ ಮಾಡಿ ಗಾಳಿಯಲ್ಲೇ ಅಲುಗಿಸುತ್ತದೆ, ನೋಡಿದರೆ ನಗು ಬರುತ್ತದೆ. ಕೆಲವು ನಿಮ್ಮನ್ನೂ ವಾಪಸ್ ಕೆರೆಯಲು ಹಲ್ಲು ತರುತ್ತವೆ, ಆಗ ಬೈಯಬೇಡಿ, ಮುಖವನ್ನು ಮೆಲ್ಲಗೆ ಆ ಕಡೆ ತಿರುಗಿಸಿದರೆ ಸಾಕು.

ಕುದುರೆಗೆ ಅಭಿಪ್ರಾಯ ಕೇಳುವುದು ಅತಿ ಮುದ್ದು ಅನ್ನುವವರಿಗೆ ಒಂದು ಮಾತು. ನಾರ್ವೆಯಲ್ಲಿ ಸಂಶೋಧಕರು 23 ಕುದುರೆಗಳಿಗೆ ಮೂರು ಗುರುತಿನ ಫಲಕ ಕಲಿಸಿದರು: ಹೊದಿಕೆ ಹಾಕಿ, ಹೊದಿಕೆ ತೆಗೆಯಿರಿ, ಹೀಗೇ ಇರಲಿ. ಚಳಿ ಮಳೆ ಇದ್ದಾಗ ಒಂದು, ಬಿಸಿಲಿದ್ದಾಗ ಇನ್ನೊಂದು ಅಂತ ಅವು ಮೂಗಿನಿಂದ ಮುಟ್ಟಿ ತೋರಿಸಿದವು. ಅವಕ್ಕೆ ಹೇಳುವುದಕ್ಕೆ ಇದೆ, ನಾವು ಕೇಳುತ್ತಿಲ್ಲ ಅಷ್ಟೇ.

ಹಗ್ಗದ ವಿಷಯ

ಈಗ ಹಗ್ಗ ಹಿಡಿಯಬಹುದು. ಒಂದು ಎಚ್ಚರಿಕೆ ಮೊದಲೇ: ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳಿಗೂ ಬೇಡ, ಸೊಂಟಕ್ಕಂತೂ ಬೇಡವೇ ಬೇಡ. ಉಳಿದ ಹಗ್ಗವನ್ನು ಮಡಚಿ, ಮಡಿಕೆಯನ್ನು ನಡುವೆ ಹಿಡಿಯಿರಿ. ಕುದುರೆ ಕಿತ್ತುಕೊಂಡು ಓಡಿದರೆ ಹಗ್ಗ ಹೋಗಲಿ, ಕೈ ಇರಲಿ.

ಹಗ್ಗ ಎಳೆದಾಗ ನಮಗೆ ಏನು ಬೇಕು ಅಂತ ಕುದುರೆಗೆ ಗೊತ್ತಾಗುವುದಿಲ್ಲ. ಎಳೆತ ನಿಂತಾಗ ಗೊತ್ತಾಗುತ್ತದೆ. ಈ ಒಂದು ಸಂಗತಿ ಅರ್ಥವಾದರೆ ಅರ್ಧ ತರಬೇತಿ ಮುಗಿದ ಹಾಗೆ. ಮುಂದೆ ಬರಲಿ ಅಂತ ಹಗ್ಗಕ್ಕೆ ಸ್ವಲ್ಪ ಬಿಗಿ ಕೊಡಿ, ನೀರಿಲ್ಲದ ಒಂದು ಖಾಲಿ ಬಕೆಟ್ ಎತ್ತುವಾಗ ಎಷ್ಟು ಬಲ ಬೇಕೋ ಅಷ್ಟೇ. ಅದನ್ನು ಹಾಗೇ ಹಿಡಿದುಕೊಳ್ಳಿ, ಜಾಸ್ತಿ ಮಾಡಬೇಡಿ, ಜಗ್ಗಬೇಡಿ. ಕುದುರೆ ತೂಕವನ್ನು ಮುಂದಕ್ಕೆ ವಾಲಿಸಿದರೂ ಸಾಕು, ಹೆಜ್ಜೆ ಇಡುವುದಕ್ಕೂ ಮೊದಲೇ, ತಟ್ಟನೆ ಸಡಿಲ ಬಿಡಿ. ಒಂದು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅದು ತಲೆ ಎತ್ತಿರುತ್ತದೆ, ಆಗ ನೀವು ಕಲಿಸಿದ್ದು ತಲೆ ಎತ್ತುವುದನ್ನು. ನನ್ನ ಕೈ ನಿಧಾನ. ನಾನು ಇದನ್ನು ಮನೆಯಲ್ಲಿ ತಮ್ಮನ ಕೈಗೆ ಹಗ್ಗ ಕೊಟ್ಟು, ಕಣ್ಣು ಮುಚ್ಚಿಸಿ ಅಭ್ಯಾಸ ಮಾಡಿದೆ. ಅವನು "ಅಣ್ಣಾ, ನೀನು ಬಿಡೋದೇ ಇಲ್ಲ ಮಾರಾಯ" ಅಂದಾಗ ಕುದುರೆಯ ಕಷ್ಟ ತಿಳಿಯಿತು.

ಮತ್ತೆ, ಎಲ್ಲವನ್ನೂ ಎರಡೂ ಪಕ್ಕದಿಂದ ಮಾಡಿ. ಒಂದು ಕಣ್ಣಲ್ಲಿ ಕಂಡದ್ದು ಇನ್ನೊಂದು ಕಣ್ಣಿಗೆ ತಿಳಿಯುವುದೇ ಇಲ್ಲ ಅನ್ನುವ ಹಳೇ ಮಾತು ಸುಳ್ಳು, ಆದರೆ ಅದೇ ವಸ್ತು ಬೇರೆ ಕಡೆಯಿಂದ ಬಂದರೆ ಕುದುರೆಗೆ ಹೊಸದಾಗಿ ಕಾಣಬಹುದು.

ಹೆದರಿಕೆ ಬಿಡಿಸುವುದೂ ಇದೇ ದಾರಿ. ಪ್ಲಾಸ್ಟಿಕ್ ಚೀಲಕ್ಕೆ ಹೆದರುವ ಕುದುರೆಯನ್ನು ಕಟ್ಟಿಹಾಕಿ, ಸುಮ್ಮನಾಗುವವರೆಗೂ ಮೈಮೇಲೆ ಚೀಲ ಬಡಿಯುವವರಿದ್ದಾರೆ. ಅದು ಸುಮ್ಮನಾಗುತ್ತದೆ, ನಿಜ. ಒಪ್ಪಿಕೊಂಡು ಅಲ್ಲ, ಕೈಚೆಲ್ಲಿ. ಚೀಲವನ್ನು ದೂರದಲ್ಲಿ ತೋರಿಸಿ, ಅದು ನಿಂತು ನೋಡಿದ ಕ್ಷಣ ಚೀಲವನ್ನು ಹಿಂದೆ ತೆಗೆದುಕೊಂಡು ಹೋಗಿ. ಇನ್ನೂ ಚೆಂದದ ಉಪಾಯ, ಚೀಲ ಹಿಡಿದು ನೀವು ಮುಂದೆ ನಡೆಯಿರಿ, ಇನ್ನೊಬ್ಬರು ಕುದುರೆಯನ್ನು ನಿಮ್ಮ ಹಿಂದೆ ಕರೆದುಕೊಂಡು ಬರಲಿ. ತನ್ನಿಂದ ದೂರ ಓಡುವ ಭೂತಕ್ಕೆ ಯಾರೂ ಹೆದರುವುದಿಲ್ಲ ಅಲ್ವಾ.

ಕೈಯಿಂದ ತಿಂಡಿ ಕೊಡುವುದು ಸರಿಯೋ ತಪ್ಪೋ ಅನ್ನುವ ಜಗಳಕ್ಕೆ ನಾನು ಬರುವುದಿಲ್ಲ. ಕೊಟ್ಟರೆ ಅಂಗೈ ಚಪ್ಪಟೆ ಇರಲಿ, ಜೇಬಿಗೆ ಮೂತಿ ಹಾಕಿದಾಗ ಕೊಡಬೇಡಿ, ಮುಖ ಆ ಕಡೆ ಇದ್ದಾಗ ಕೊಡಿ.

"ಮೊಂಡು" ಅನ್ನುವ ಮೊದಲು

ನಿನ್ನೆವರೆಗೆ ಜೀನು ಹಾಕಿಸಿಕೊಳ್ಳುತ್ತಿದ್ದ ಕುದುರೆ ಇವತ್ತು ಕಿವಿ ಹಿಂದಕ್ಕೆ ಅಂಟಿಸಿ ಕಚ್ಚಲು ಬಂದರೆ ಮೊದಲು ನೋವು ಹುಡುಕಿ. ಜೀನು ಒತ್ತುತ್ತಿರಬಹುದು, ಹಲ್ಲು ಚೂಪಾಗಿರಬಹುದು, ಗೊರಸಿನಲ್ಲಿ ಕಲ್ಲಿರಬಹುದು. ಹೊಟ್ಟೆ ಹುಣ್ಣು ಕೂಡ ಬಹಳ ಸಾಮಾನ್ಯ, ಯಾಕೆಂದರೆ ಕುದುರೆಯ ಜಠರ ಮೈಗೆ ಹೋಲಿಸಿದರೆ ಚಿಕ್ಕದು, ಆಮ್ಲ ಸದಾ ಒಸರುತ್ತಲೇ ಇರುತ್ತದೆ, ದಿನದ ಬಹುಪಾಲು ಸ್ವಲ್ಪ ಸ್ವಲ್ಪವೇ ಮೇಯುವ ಹಾಗೆ ಮಾಡಿದ ಪ್ರಾಣಿ ಅದು. ಎರಡು ಹೊತ್ತು ಊಟ ಹಾಕಿ ಮಧ್ಯೆ ಖಾಲಿ ಬಿಟ್ಟರೆ ಒಳಗೆ ಉರಿಯುತ್ತದೆ. ಸುಮ್ಮನೆ ನಿಂತಿರುವಾಗ ಎದೆಬಡಿತ ನಿಮಿಷಕ್ಕೆ 28ರಿಂದ 44 ಇರಬೇಕು, ಅದಕ್ಕಿಂತ ತುಂಬ ಜಾಸ್ತಿ ಇದ್ದು, ಕಣ್ಣಿನ ಮೇಲೆ ಸುಕ್ಕು, ಮೂಗಿನ ಹೊಳ್ಳೆ ಬಿಗಿ ಕಂಡರೆ ಪಶುವೈದ್ಯರಿಗೆ ಫೋನ್ ಮಾಡಿ. ನೋವಿನ ಮೇಲೆ ಹತ್ತಿ ಕೂತವರನ್ನು ಯಾವ ಕುದುರೆಯೂ ನಂಬುವುದಿಲ್ಲ.

ನಾನು ಕೆಡಿಸಿಕೊಂಡದ್ದು

ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ. ಎರಡು ತಿಂಗಳ ಕೆಲಸವನ್ನು ನಾನು ಒಂದು ಸಂಜೆ ಹಾಳು ಮಾಡಿದೆ. ಮಳೆ ಬರುವ ಹಾಗಿತ್ತು, ನನಗೆ ಹೊತ್ತಾಗಿತ್ತು, ಗೇಟಿನ ಹತ್ತಿರ ಬಿದ್ದಿದ್ದ ಟಾರ್ಪಾಲಿನ ಮುಂದೆ ಕುದುರೆ ನಿಂತುಬಿಟ್ಟಿತು. ಕಾಯುವುದು ಬಿಟ್ಟು ಹಗ್ಗ ಜಗ್ಗಿದೆ, ಕೂಗಿದೆ. ಅದು ಹಿಂದಕ್ಕೆ ನೆಗೆಯಿತು, ಹಗ್ಗ ಅಂಗೈ ಸುಟ್ಟುಕೊಂಡು ಹೋಯಿತು. ಮರುದಿನ ಬಯಲಿನಲ್ಲಿ ಮತ್ತೆ ಅದೇ ಹತ್ತು ಹೆಜ್ಜೆ.

2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕುದುರೆಗಳಿಗೆ ಒಬ್ಬರ ಸಿಟ್ಟಿನ ಮುಖದ ಫೋಟೋ ತೋರಿಸಿ, ಕೆಲವು ಗಂಟೆಗಳ ನಂತರ ಅದೇ ವ್ಯಕ್ತಿಯನ್ನು ಸಾಮಾನ್ಯ ಮುಖದಲ್ಲಿ ಎದುರಿಗೆ ನಿಲ್ಲಿಸಿದರು. ಫೋಟೋ ನೋಡಿದ ನೆನಪಲ್ಲೇ ಅವು ಎಚ್ಚರ ವಹಿಸಿದವು. ಬರೀ ಫೋಟೋಗೇ ಹೀಗಾದರೆ ಜಗ್ಗಿದ ಕೈಯನ್ನು ಮರೆಯುತ್ತವಾ?

ಮಾಡಿದ ತಪ್ಪಿಗೆ ಕ್ಯಾರೆಟ್ ಲಂಚ ಕೊಟ್ಟು ಮುಗಿಸಲು ಹೋಗಬೇಡಿ. ಮೊದಲಿಂದ ಶುರು ಮಾಡಿ: ಬರಿಗೈ, ಗಡಿ, ವಾಪಸ್. ಎರಡನೇ ಸಲ ಬೇಗ ಆಗುತ್ತದೆ, ನನಗೆ ಹತ್ತು ದಿನ ಹಿಡಿಯಿತು. ಟಾರ್ಪಾಲನ್ನು ನಾನೇ ಎಳೆದುಕೊಂಡು ಮುಂದೆ ನಡೆದೆ, ಅದು ಹಿಂದೆ ಬಂತು, ಕೊನೆಗೆ ಗೊರಸಿನಿಂದ ಅದನ್ನೇ ಕೆದಕಿ ನೋಡಿತು.

ನಂಬಿದೆಯಾ ಇಲ್ಲವಾ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತಾರೆ. ಬಾಯಿ ಚಪ್ಪರಿಸಿದರೆ ಒಪ್ಪಿದ ಹಾಗೆ ಅನ್ನುವವರಿದ್ದಾರೆ, ಅದನ್ನೇ ನೆಚ್ಚಬೇಡಿ, ಹೆದರಿಕೆ ಇಳಿದಾಗಲೂ ಹಾಗೆ ಮಾಡುತ್ತವೆ. ನಾನು ನೋಡುವುದು ನಿದ್ದೆ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಕನಸು ಬೀಳುವಂಥ ಗಾಢ ನಿದ್ದೆಗೆ ಅದು ಮಲಗಲೇಬೇಕು, ಮಲಗಿದ ಕುದುರೆ ತಟ್ಟನೆ ಓಡಲಾಗುವುದಿಲ್ಲ. ಒಂದು ಮಧ್ಯಾಹ್ನ ನಾನು ಲಾಯದ ಮೂಲೆಯಲ್ಲಿ ಬ್ರಷ್ಷಿನಿಂದ ಕೂದಲು ಬಿಡಿಸುತ್ತಾ ಕೂತಿದ್ದೆ. ಆ ಹೆಣ್ಣು ಕುದುರೆ ಮುಂಗಾಲು ಮಡಚಿತು, ಉಸ್ಸೆಂದು ಕುಸಿಯಿತು, ಸ್ವಲ್ಪ ಹೊತ್ತಿಗೆ ಕತ್ತನ್ನೂ ಹುಲ್ಲಿನ ಮೇಲೆ ಚೆಲ್ಲಿತು. ಕೆಳತುಟಿ ಅದುರುತ್ತಿತ್ತು. ಹತ್ತಿರ ಹೋಗಿ ಸವರಬೇಕು ಅನ್ನಿಸಿತು. ಬ್ರಷ್ ಅಲ್ಲೇ ಇಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಹೊರಗೆ ಬಂದೆ.