ಕಲಬುರಗಿಯಿಂದ ಬೆಂಗಳೂರಿಗೆ ಹೋಗಿಬರಲು 270 ಲೀಟರ್ ಡೀಸೆಲ್: ಲಾರಿ ಮಾಲೀಕನೊಬ್ಬನ ಅನುಭವ

ನನ್ನ ಹತ್ತು ಗಾಲಿಯ ಲಾರಿ ಕಲಬುರಗಿಯ ದಾಲ್ ಮಿಲ್ಲುಗಳಿಂದ ತೊಗರಿಬೇಳೆ ಹೊತ್ತು ಬೆಂಗಳೂರಿನ ಯಶವಂತಪುರದ ಮಾರುಕಟ್ಟೆಗೆ ಹೋಗುತ್ತದೆ. ಹೋಗಿಬರುವ ದಾರಿ ಸುಮಾರು 1240 ಕಿಲೋಮೀಟರ್. ತಿಂಗಳಿಗೆ ನಾಲ್ಕು ಟ್ರಿಪ್ ಆದರೆ ಒಳ್ಳೆಯ ತಿಂಗಳು ಎನ್ನಬೇಕು. ಗಾಡಿಯ ಕಂತು, ವಿಮೆ, ಪರ್ಮಿಟ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ತ್ರೈಮಾಸಿಕ ತೆರಿಗೆ ಇವೆಲ್ಲ ಗಾಡಿ ಓಡಲಿ ಬಿಡಲಿ ಇದ್ದೇ ಇರುತ್ತವೆ; ಆದರೆ ಟ್ರಿಪ್ಪಿನ ಖರ್ಚನ್ನು ಮಾತ್ರ ತೆಗೆದುಕೊಂಡರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಡೀಸೆಲ್ಲಿಗೇ ಹೋಗುತ್ತದೆ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದಕ್ಕೆ ಕಟ್ಟಿದ ತೆರಿಗೆ ಯಾವ ರೂಪದಲ್ಲಿಯೂ ನಮಗೆ ಮರಳಿ ಸಿಗುವುದಿಲ್ಲ.

2024ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. 2025ರ ಏಪ್ರಿಲ್ 1ರಿಂದ ಅದು ಶೇ 21.17 ಆಗಿ ಮತ್ತೆ 2 ರೂಪಾಯಿ ಏರಿತು, ದರ 91 ರೂಪಾಯಿಯ ಆಸುಪಾಸಿಗೆ ಬಂದು ನಿಂತಿತು. ಆ ತಿಂಗಳ 14ರ ಮಧ್ಯರಾತ್ರಿಯಿಂದ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದಾಗ ನಾನೂ ಗಾಡಿ ನಿಲ್ಲಿಸಿದ್ದೆ. ಗಾಡಿ ನಿಂತಿದ್ದ ಆ ದಿನಗಳಲ್ಲಿಯೇ ಹಳೆಯ ಬಿಲ್ಲುಗಳನ್ನೆಲ್ಲ ಹರಡಿಕೊಂಡು ಕುಳಿತು, ಒಂದು ಟ್ರಿಪ್ಪಿಗೆ ನನ್ನ ಗಾಡಿ ಎಷ್ಟು ಡೀಸೆಲ್ ಕುಡಿಯುತ್ತದೆ ಎಂಬುದನ್ನು ಮೊದಲ ಬಾರಿಗೆ ಸರಿಯಾಗಿ ಲೆಕ್ಕ ಹಾಕಿದೆ. ಅದುವರೆಗೆ ‘ಗಾಡಿ ನಾಲ್ಕೂವರೆ ಕೊಡುತ್ತದೆ’ ಎಂದು ಎಲ್ಲರ ಮುಂದೆ ಹೇಳುತ್ತಿದ್ದೆ. ಬಿಲ್ಲುಗಳು ಹೇಳಿದ್ದು ಬೇರೆ: ಟ್ರಿಪ್ಪಿಗೆ 296 ಲೀಟರ್, ಅಂದರೆ ಲೀಟರಿಗೆ 4.2 ಕಿಲೋಮೀಟರ್. ಎರಡು ಏರಿಕೆ ಸೇರಿ 5 ರೂಪಾಯಿ ಎಂದರೆ ಟ್ರಿಪ್ಪಿಗೆ 1,480 ರೂಪಾಯಿ, ನಾಲ್ಕು ಟ್ರಿಪ್ಪಿಗೆ ಹತ್ತಿರಹತ್ತಿರ 6 ಸಾವಿರ. ಬಾಡಿಗೆ ಮಾತ್ರ ಒಂದು ಪೈಸೆಯೂ ಹೆಚ್ಚಾಗಿರಲಿಲ್ಲ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಹೊರಡುವಾಗ ಒಂದೇ ಬಂಕಿನಲ್ಲಿ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಟ್ಯಾಂಕಿನ ಕತ್ತಿನವರೆಗೆ ತುಂಬಿಸುವುದು, ಮರಳಿ ಬಂದ ಮೇಲೆ ಅದೇ ಬಂಕಿನಲ್ಲಿ ಅದೇ ಗುರುತಿನವರೆಗೆ ತುಂಬಿಸಿ, ದಾರಿಯಲ್ಲಿ ಹಾಕಿಸಿದ್ದನ್ನೂ ಕೂಡಿಸಿ ಬರೆಯುವುದು. ಗೇಜಿನ ಮುಳ್ಳನ್ನು ನಂಬಿ ಬರೆದ ಲೆಕ್ಕಕ್ಕೂ ಟ್ಯಾಂಕಿನಿಂದ ಟ್ಯಾಂಕಿಗೆ ಬರೆದ ಲೆಕ್ಕಕ್ಕೂ ಹತ್ತು ಹದಿನೈದು ಲೀಟರ್ ವ್ಯತ್ಯಾಸ ಬರುತ್ತಿತ್ತು.

ಡೀಸೆಲ್ ಎಲ್ಲಿ ಹೋಗುತ್ತಿದೆ ಎಂದು ಹುಡುಕುವಾಗ ಮಾಲೀಕನ ಅನುಮಾನ ಮೊದಲು ಹೋಗುವುದು ಚಾಲಕನ ಮೇಲೆ. ನನ್ನದೂ ಹಾಗೆಯೇ ಹೋಯಿತು. ನಮ್ಮ ಚಾಲಕ ನನಗಿಂತ ಹಿರಿಯರು, ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ನೇರವಾಗಿ ಕೇಳಲು ಮನಸ್ಸು ಬರದೆ ಒಂದು ಟ್ರಿಪ್ಪಿಗೆ ಅವರ ಜೊತೆ ನಾನೇ ಕುಳಿತು ಹೋದೆ. ಮಿಲ್ಲಿನ ಗೇಟಿನ ಮುಂದೆ ಪಾಳಿಗಾಗಿ ನಿಂತಾಗ, ತೂಕದ ಕಟ್ಟೆಯಲ್ಲಿ, ಚಹಾಕ್ಕೆ ಇಳಿದಾಗ, ಮಾರುಕಟ್ಟೆಯ ಒಳಗೆ ಸರದಿ ಕಾಯುವಾಗ, ಎಲ್ಲಿಯೂ ಅವರು ಇಂಜಿನ್ ಬಂದ್ ಮಾಡಲಿಲ್ಲ. ನಾನು ಸಿಟ್ಟಿನಲ್ಲಿಯೇ ಕೇಳಿದೆ. ಅವರು ಸಾವಕಾಶವಾಗಿ ಹೇಳಿದರು: “ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತದೋ ಇಲ್ಲೋ ಅಂತ ಅಂಜಿಕಿ ಬರ್ತದ್ರೀ ಮಾಲಕ್ರೇ. ಬ್ಯಾಟರಿ ಸತ್ತು ಆರು ತಿಂಗ್ಳಾತು. ನಿಮಗ ಎರಡು ಸಲ ಹೇಳೀನಿ.”

ಅವರು ಹೇಳಿದ್ದು ನಿಜ. ಎರಡು ಸಲವೂ ‘ಮುಂದಿನ ತಿಂಗಳು ನೋಡೋಣ’ ಎಂದು ನಾನೇ ಮುಂದೂಡಿದ್ದೆ. ಊರಿಗೆ ಬಂದ ಮೇಲೆ ಅಂಗಳದಲ್ಲಿ ಟ್ಯಾಂಕ್ ತುಂಬಿಸಿ, ಗಾಡಿಯನ್ನು ನಿಂತಲ್ಲೇ ಒಂದು ತಾಸು ಚಾಲೂ ಇಟ್ಟು, ಅಳತೆಯ ಡಬ್ಬಿಯಿಂದ ಮತ್ತೆ ಅದೇ ಗುರುತಿನವರೆಗೆ ಡೀಸೆಲ್ ಸುರಿದು ನೋಡಿದೆ. ಎರಡು ಲೀಟರಿಗೆ ಸ್ವಲ್ಪ ಕಡಿಮೆ ಹಿಡಿಯಿತು. ಒಂದು ಟ್ರಿಪ್ಪಿನಲ್ಲಿ ಇಂಜಿನ್ ಹೀಗೆ ಸುಮ್ಮನೆ ಓಡುವುದು ಕಡಿಮೆಯೆಂದರೂ ಆರು ತಾಸು, ಅಂದರೆ ಹತ್ತು ಲೀಟರಿಗೂ ಹೆಚ್ಚು ಡೀಸೆಲ್ ನಿಂತ ಜಾಗದಲ್ಲಿಯೇ ಉರಿದುಹೋಗುತ್ತಿತ್ತು. ಮರುದಿನವೇ ಎರಡೂ ಬ್ಯಾಟರಿ ಬದಲಿಸಿದೆ, ಇಂಜಿನ್ ಚಾಲೂ ಮಾಡುವ ಸೆಲ್ಫ್ ಮೋಟಾರನ್ನು ರಿಪೇರಿ ಮಾಡಿಸಿದೆ. ಕಾಕಾ ಅವರ ಬಗ್ಗೆ ಮನಸ್ಸಿನಲ್ಲಿ ಕೆಟ್ಟದ್ದನ್ನು ಎಣಿಸಿದ್ದೆ ಎಂಬ ನೋವು ನನಗೆ ಇಂದಿಗೂ ಇದೆ.

ಎರಡನೆಯ ಸೋರಿಕೆ ಗಾಲಿಗಳಲ್ಲಿತ್ತು. ನಮ್ಮಲ್ಲಿ ಹವಾ ಪರೀಕ್ಷೆ ಎಂದರೆ ಕಬ್ಬಿಣದ ರಾಡಿನಿಂದ ಟೈರಿಗೆ ಬಡಿದು ಸದ್ದು ಕೇಳುವುದು. ಪೂರ್ತಿ ಹವಾ ಹೋದ ಟೈರನ್ನು ಆ ಸದ್ದು ಹೇಳುತ್ತದೆ, ಕಾಲುಭಾಗ ಕಡಿಮೆಯಾದದ್ದನ್ನು ಹೇಳುವುದಿಲ್ಲ. ಗೇಜ್ ಕೊಂಡು ತಂದು ಬೆಳಗಿನ ತಂಪಿನಲ್ಲಿ ಒಂದೊಂದಾಗಿ ನೋಡಿದಾಗ, ಹವಾ ಒತ್ತಡ 115 ಪಿಎಸ್‌ಐ ಇರಬೇಕಾದಲ್ಲಿ ಹಿಂದಿನ ಜೋಡಿ ಗಾಲಿಗಳ ಒಳಗಿನ ಟೈರೊಂದರಲ್ಲಿ 85 ಇತ್ತು. ಒಳಗಿನ ಟೈರಿನ ವಾಲ್ವಿಗೆ ಕೈ ಹೋಗುವುದು ಕಷ್ಟವಾದ್ದರಿಂದ ಹವಾ ಹಾಕುವವರೂ ಅದನ್ನು ಬಿಟ್ಟುಬಿಡುತ್ತಾರೆ. ಅದರ ಪಾಲಿನ ಭಾರ ಪಕ್ಕದ ಟೈರಿನ ಮೇಲೆ ಬಿದ್ದು ಎರಡೂ ಸವೆಯುತ್ತವೆ, ಗಾಡಿ ಎಳೆಯಲಾರದೆ ಎಳೆಯುತ್ತದೆ. ಈಗ ಒಳಗಿನ ವಾಲ್ವುಗಳಿಗೆ ಉದ್ದ ನಳಿಗೆ ಹಾಕಿಸಿದ್ದೇನೆ. ಇನ್ನೊಂದು ಮಾತು: ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಓಡಿಬಂದ ಟೈರಿನಲ್ಲಿ ಹವಾ ಹೆಚ್ಚು ತೋರಿಸುತ್ತದೆ. ಅದನ್ನು ನೋಡಿ ಹವಾ ಬಿಡಬಾರದು. ಬಿಟ್ಟರೆ ತಂಪಾದಾಗ ಕಡಿಮೆಯಾಗಿರುತ್ತದೆ.

ವೇಗದ ವಿಷಯದಲ್ಲಿ ಕಾಕಾ ಅವರನ್ನು ಒಪ್ಪಿಸಲು ಮಾತಿಗಿಂತ ಲೆಕ್ಕವೇ ನೆರವಾಯಿತು. ವೇಗ ಹೆಚ್ಚಿದಂತೆ ಎದುರುಗಾಳಿಯ ತಡೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಹೊಸಪೇಟೆಯಿಂದ ಚಿತ್ರದುರ್ಗದವರೆಗಿನ ಹೆದ್ದಾರಿಯಲ್ಲಿ 70ರಲ್ಲಿ ಓಡಿಸುತ್ತಿದ್ದ ಗಾಡಿಯನ್ನು 55ಕ್ಕೆ ಇಳಿಸಿದಾಗ ಇಡೀ ಟ್ರಿಪ್ಪಿಗೆ ಸುಮಾರು ಒಂದು ತಾಸು ಹೆಚ್ಚು ಹಿಡಿಯಿತು, ಆದರೆ ಮಾರುಕಟ್ಟೆಯಲ್ಲಿ ಖಾಲಿ ಮಾಡುವ ಸರದಿ ಹೇಗಿದ್ದರೂ ಬೆಳಗಾದ ಮೇಲೆಯೇ ಬರುವುದರಿಂದ ಆ ಒಂದು ತಾಸಿನಿಂದ ನಷ್ಟವೇನೂ ಆಗಲಿಲ್ಲ. ಉಳಿದ ಡೀಸೆಲ್ಲಿನ ಹಣದಲ್ಲಿ ಅರ್ಧವನ್ನು ಭತ್ಯೆಯ ಜೊತೆಗೆ ಅವರಿಗೇ ಕೊಡುತ್ತೇನೆ. ಇದನ್ನು ಇನಾಮೆಂದು ನಾನು ಎಣಿಸುವುದಿಲ್ಲ. ಅವರು ದುಡಿದ ಹಣ ಅದು.

ಇಷ್ಟರಿಂದ ಮೂರು ತಿಂಗಳಲ್ಲಿ ಟ್ರಿಪ್ಪಿನ ಲೆಕ್ಕ 296ರಿಂದ 270 ಲೀಟರಿಗೆ ಬಂದು ನಿಂತಿತು. ಟ್ರಿಪ್ಪಿಗೆ 26 ಲೀಟರ್ ಎಂದರೆ ನಾಲ್ಕು ಟ್ರಿಪ್ಪಿನ ತಿಂಗಳಿಗೆ 9 ಸಾವಿರ ರೂಪಾಯಿಗೂ ಮಿಗಿಲು.

ಮಧ್ಯದಲ್ಲಿ ಒಂದು ತಪ್ಪನ್ನೂ ಮಾಡಿದೆ. ರಸ್ತೆ ಬದಿಯಲ್ಲಿ ಬಯೋಡೀಸೆಲ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವ ಎಣ್ಣೆಯನ್ನು ಎರಡು ಬಾರಿ ಹಾಕಿಸಿದೆ. ಇಂಜೆಕ್ಟರುಗಳು ಕೆಟ್ಟು, ಉಳಿಸಿದ್ದರ ಹತ್ತು ಪಟ್ಟು ಗ್ಯಾರೇಜಿಗೆ ಕೊಟ್ಟೆ. ಓವರ್‌ಲೋಡ್ ಕೂಡ ಅಂಥದ್ದೇ ಆಸೆ. 2018ರಲ್ಲಿ ಕೇಂದ್ರ ಸರ್ಕಾರ ಹತ್ತು ಗಾಲಿಯ ಗಾಡಿಯ, ಅಂದರೆ ಗಾಡಿ ಮತ್ತು ಮಾಲು ಸೇರಿದ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿದೆ. ಅದನ್ನು ಮೀರಿದರೆ 20 ಸಾವಿರ ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2 ಸಾವಿರ. ನಾನು ಮಾಲನ್ನು 18 ಟನ್ನಿಗೆ ನಿಲ್ಲಿಸುತ್ತೇನೆ.

ಇವೆಲ್ಲ ಗಾಡಿಯ ಒಳಗಿನ ಮಾತಾಯಿತು. ಆದರೆ ದರದ ಏರಿಕೆಯನ್ನು ಮಾಲೀಕನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ, ಮತ್ತು ಬಾಡಿಗೆ ಹೆಚ್ಚಿಸಿ ಎಂದು ಬರಿಗೈಯಲ್ಲಿ ಹೋಗಿ ಕೇಳಿದರೆ ‘ಬೇರೆ ಗಾಡಿ ಇವೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಬಾರಿ ಡೀಸೆಲ್ ಲೆಕ್ಕ ಬರೆದಿಟ್ಟ ನನ್ನ ವಹಿಯನ್ನೇ ತೆಗೆದುಕೊಂಡು ಮಿಲ್ಲಿಗೆ ಹೋದೆ. 270 ಲೀಟರನ್ನು 18 ಟನ್ನಿಗೆ ಭಾಗಿಸಿದರೆ 15 ಬರುತ್ತದೆ. ಡೀಸೆಲ್ 1 ರೂಪಾಯಿ ಏರಿದರೆ ಟನ್ನಿಗೆ 15 ರೂಪಾಯಿ ಏರಿಸಿರಿ, 1 ರೂಪಾಯಿ ಇಳಿದರೆ ನಾನೇ 15 ರೂಪಾಯಿ ಇಳಿಸುತ್ತೇನೆ ಎಂದೆ. ಮಿಲ್ಲಿನ ಸಾವಕಾರರು ವಹಿಯ ಪುಟಗಳನ್ನು ಒಂದೊಂದಾಗಿ ತಿರುವಿ ನೋಡಿ, “ಬರುವಾಗಿನ ಡೀಸೆಲ್ ನಾ ಯಾಕ ಕೊಡ್ಲಿ? ಒಮ್ಮೊಮ್ಮೆ ನಿಮಗ ರಿಟರ್ನ್ ಲೋಡ್ ಸಿಗ್ತದಲ್ಲ” ಎಂದರು. ಅವರ ಮಾತಿನಲ್ಲಿಯೂ ಅರ್ಥವಿತ್ತು. ಕೊನೆಗೆ ಟನ್ನಿಗೆ 12 ರೂಪಾಯಿಗೆ ಒಪ್ಪಂದವಾಯಿತು. ಒಪ್ಪಂದದ ದಿನದ ಬಂಕಿನ ದರವನ್ನು ಮೂಲದರವೆಂದು ಬರೆದುಕೊಂಡೆವು, ಒಂದು ರೂಪಾಯಿಗಿಂತ ಕಡಿಮೆ ಏರಿಳಿತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಒಪ್ಪಿದ್ದು ದರ ಇಳಿದಾಗ ತಮಗೂ ಲಾಭವಿದೆ ಎಂಬ ಒಂದೇ ಕಾರಣಕ್ಕೆ ಎಂದು ನನ್ನ ನಂಬಿಕೆ.

ರಿಟರ್ನ್ ಲೋಡಿನ ಬಗ್ಗೆ ಅವರಾಡಿದ ಮಾತು ನನಗೆ ಹೊಸ ದಾರಿಯನ್ನೂ ತೋರಿಸಿತು. ಮೊದಲು ಬೆಂಗಳೂರಿನಿಂದ ನೇರವಾಗಿ ಕಲಬುರಗಿಗೇ ಮಾಲು ಸಿಗಲಿ ಎಂದು ಎರಡೆರಡು ದಿನ ಕಾಯುತ್ತಿದ್ದೆ, ಸಿಗದಿದ್ದರೆ ಖಾಲಿ ಗಾಡಿಯೇ ಬರುತ್ತಿತ್ತು. ಈಗ ಹೊಸಪೇಟೆಯ ಕಡೆಗೆ ಯಾವುದೇ ಮಾಲು ಸಿಕ್ಕರೂ ಹಾಕಿಸಿಕೊಂಡು, ಅಲ್ಲಿ ಖಾಲಿ ಮಾಡಿ, ಗಂಗಾವತಿ ಇಲ್ಲವೇ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಅಕ್ಕಿ ತುಂಬಿಸಿಕೊಂಡು, ಸಿಂಧನೂರು, ಲಿಂಗಸುಗೂರಿನ ಮೇಲೆ ಬಂದು ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ, ಸುರಪುರ, ಶಹಾಪುರ, ಜೇವರ್ಗಿಯ ದಾರಿಯಾಗಿ ಊರು ಸೇರುತ್ತೇವೆ. ಭಾರ ಹೊತ್ತು ಬರುವುದರಿಂದ ಮೂವತ್ತು ಲೀಟರಿನಷ್ಟು ಡೀಸೆಲ್ ಹೆಚ್ಚು ಬೇಕು, ಏಜೆಂಟರ ಕಮಿಷನ್ ಇದೆ, ಹಮಾಲಿ ಇದೆ. ಇವನ್ನೆಲ್ಲ ಕಳೆದು ಕೈಯಲ್ಲಿ ಉಳಿಯುವುದೆಷ್ಟು ಎಂದು ಮೊದಲೇ ಲೆಕ್ಕ ಹಾಕಿ, ಒಂದು ದಿನದ ಕಂತಿನಷ್ಟಾದರೂ ಉಳಿಯದಿದ್ದರೆ ಖಾಲಿ ಗಾಡಿಯನ್ನೇ ತರಿಸುತ್ತೇನೆ. ಮಳೆಗಾಲದಲ್ಲಿ ಮಿಲ್ಲಿನ ಕೆಲಸ ತಗ್ಗಿದಾಗ ಸೇಡಂ ಕಡೆಯ ಸಿಮೆಂಟನ್ನು ಹೈದರಾಬಾದಿಗೆ ಒಯ್ಯುವುದುಂಟು. ಆಗ ಟ್ಯಾಂಕನ್ನು ನಮ್ಮ ರಾಜ್ಯದಲ್ಲಿಯೇ ತುಂಬಿಸಿಕೊಳ್ಳುತ್ತೇವೆ, ಏಕೆಂದರೆ 2025ರ ಏರಿಕೆಯ ನಂತರವೂ ತೆಲಂಗಾಣದ ದರ ನಮ್ಮದಕ್ಕಿಂತ 4 ರೂಪಾಯಿಗೂ ಹೆಚ್ಚಿತ್ತು. ಸಿಮೆಂಟಿನ ಕೆಲಸವಿದ್ದ ತಿಂಗಳುಗಳಲ್ಲಿ ದೂಳು ತುಂಬಿದ ಏರ್ ಫಿಲ್ಟರನ್ನು ಹವಾ ಹೊಡೆದು ಮತ್ತೆ ಕೂರಿಸದೆ ಹೊಸದನ್ನೇ ಹಾಕಿಸುತ್ತೇನೆ.

ಬಗೆಹರಿಯದೆ ಉಳಿದದ್ದು ಹಾಲ್ಟಿಂಗ್ ಹಣ, ಅಂದರೆ ಗಾಡಿ ಕಾದು ನಿಂತ ದಿನಗಳಿಗೆ ಸಿಗಬೇಕಾದ ಹಣ. ಮಾಲು ಖಾಲಿಯಾಗದೆ ಗಾಡಿ ಮಾರುಕಟ್ಟೆಯಲ್ಲಿ ಎರಡು ದಿನ ನಿಂತರೆ ತಿಂಗಳಿಗೆ ಒಂದು ಟ್ರಿಪ್ ಕೈತಪ್ಪುತ್ತದೆ, ಕಂತು ನಿಲ್ಲುವುದಿಲ್ಲ. ಜನವರಿಯಲ್ಲಿ ಹೊಸ ತೊಗರಿ ಬಂದು ಎಲ್ಲ ಮಿಲ್ಲುಗಳಿಗೂ ಗಾಡಿ ಬೇಕಾಗುವ ಹೊತ್ತಿನಲ್ಲಿ, ಗಾಡಿ ತಲುಪಿ 24 ತಾಸು ಕಳೆದ ಮೇಲೆ ದಿನಕ್ಕಿಷ್ಟು ಎಂಬ ಮಾತನ್ನೂ ಕರಾರಿನಲ್ಲಿ ಬರೆಸಬೇಕೆಂದು, ಮಾರುಕಟ್ಟೆಗೆ ಗಾಡಿ ಹೋದ ವೇಳೆ ಮತ್ತು ಖಾಲಿಯಾದ ವೇಳೆಯನ್ನು ಕಾಕಾ ಅವರ ಕೈಯಿಂದಲೇ ಅದೇ ವಹಿಯಲ್ಲಿ ಬರೆಸುತ್ತಿದ್ದೇನೆ.