ಪೇಪರ್ ಹಾಕುವ ಮುನ್ನ, ಹಾಕಿದ ಮೇಲೆ

ರಾಜೀನಾಮೆ ಕೊಡುವುದಕ್ಕೆ ಬೆಂಗಳೂರಿನ ಕಚೇರಿಗಳ ಆಡುಮಾತಿನಲ್ಲಿ ‘ಪೇಪರ್ ಹಾಕುವುದು’ ಎನ್ನುತ್ತಾರೆ. ವಿಚಿತ್ರವೆಂದರೆ, ಹಾಗೆ ಪೇಪರ್ ಹಾಕುವವರಲ್ಲಿ ಹಲವರು ಕಾಗದಪತ್ರಗಳ ಕಡೆಗೇ ಗಮನ ಕೊಡುವುದಿಲ್ಲ. ಹೊಸ ಕೆಲಸದ ಸಂದರ್ಶನಕ್ಕೆ ತಿಂಗಳುಗಟ್ಟಲೆ ತಯಾರಿ ನಡೆಸಿದವರು ಹಳೆಯ ಕೆಲಸದಿಂದ ಹೊರಬರುವ ಕ್ರಮವನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಪಿಎಫ್ (ಭವಿಷ್ಯ ನಿಧಿ) ಹಣ ಸಿಕ್ಕಿಹಾಕಿಕೊಳ್ಳುವುದು, ಕೆಲಸದಿಂದ ಬಿಡುಗಡೆ ಮಾಡಿದ್ದನ್ನು ತಿಳಿಸುವ ರಿಲೀವಿಂಗ್ ಲೆಟರ್‌ಗಾಗಿ ಹಳೆಯ ಕಚೇರಿಗೆ ಅಲೆಯುವುದು ಹೆಚ್ಚಾಗಿ ಇದರ ಫಲ.

ಮೊದಲು ಹಳೆಯ ಪತ್ರ ಓದಿ

ಸೇರುವಾಗ ಓದದೆ ಸಹಿ ಹಾಕಿದ ನೇಮಕಾತಿ ಪತ್ರವನ್ನು ಹುಡುಕಿ ತೆಗೆಯಿರಿ. ನೋಟಿಸ್ ಅವಧಿ ಎಷ್ಟು, ಹಣ ಕಟ್ಟಿ ಅದನ್ನು ಮೊಟಕುಗೊಳಿಸುವ ಬೈಔಟ್ ಅವಕಾಶ ಇದೆಯೇ, ಇಂತಿಷ್ಟು ಕಾಲಕ್ಕೆ ಮೊದಲು ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಇದೆಯೇ ಎಂಬುದನ್ನು ನೋಡಬೇಕು. ಐಟಿ ಕಂಪನಿಗಳಲ್ಲಿ 90 ದಿನಗಳ ನೋಟಿಸ್ ಅಪರೂಪವೇನಲ್ಲ. ಬೈಔಟ್ ‘ಕಂಪನಿಯ ಒಪ್ಪಿಗೆಗೆ ಒಳಪಟ್ಟು’ ಎಂದು ಬರೆದಿದ್ದರೆ ಅದು ನಿಮ್ಮ ಹಕ್ಕಲ್ಲ, ಕೋರಿಕೆ ಮಾತ್ರ. ಆದ್ದರಿಂದ ಹೊಸ ಕಂಪನಿಗೆ ಸೇರುವ ದಿನಾಂಕ ಹೇಳುವಾಗ ಪೂರ್ತಿ ಅವಧಿಯನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಬಾಂಡ್ ಎಂಬುದು ಬರೀ ಬೆದರಿಕೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ಕ್ಯಾಂಟೀನ್ ಸಲಹೆಯನ್ನು ಕಣ್ಣುಮುಚ್ಚಿ ನಂಬಬೇಡಿ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವೊಂದರಲ್ಲಿ, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದಕ್ಕೂ ಮೊದಲು ಕರ್ನಾಟಕ ಹೈಕೋರ್ಟ್ ನೌಕರನ ಪರ ತೀರ್ಪು ಕೊಟ್ಟಿತ್ತು. ಹಾಗೆಂದು ಯಾವ ಮೊತ್ತದ ಬಾಂಡ್ ಆದರೂ ಊರ್ಜಿತವಾಗುತ್ತದೆ ಎಂದಲ್ಲ. ಮೊತ್ತ ನ್ಯಾಯವಾದುದೇ ಎಂಬ ಪ್ರಶ್ನೆ ಆಯಾ ಪ್ರಕರಣದಲ್ಲಿ ಉಳಿದೇ ಇರುತ್ತದೆ. ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತಿನ ಮಾತು ಬೇರೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಇರುವುದರಿಂದ ಅಂಥ ಷರತ್ತನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ.

ನಂತರ ಹೇಳುವ ಕ್ರಮ

ಹೊಸ ಕಂಪನಿಯ ಸಂಬಳ, ಹುದ್ದೆ, ಸೇರುವ ದಿನಾಂಕ ಮೂರೂ ಇರುವ ಪತ್ರ ಕೈಸೇರುವವರೆಗೆ ತುಟಿ ಬಿಚ್ಚಬೇಡಿ. ‘ಆಫರ್ ಬಂದ ಹಾಗೆಯೇ ಅಂದುಕೊಳ್ಳಿ’ ಎಂಬ ಫೋನ್ ಮಾತು ಆಫರ್ ಅಲ್ಲ. ಪತ್ರ ಬಂದ ಮೇಲೆ ಮೊದಲು ಮ್ಯಾನೇಜರ್‌ಗೆ ಎದುರಿಗೇ ತಿಳಿಸಿ, ಅದೇ ದಿನ ಇಮೇಲ್ ಕಳುಹಿಸಿ. ರಾಜೀನಾಮೆ ಪತ್ರಕ್ಕೆ ಮೂರು ಸಾಲು ಸಾಕು: ಬಿಡುತ್ತಿರುವ ಹುದ್ದೆ, ನೋಟಿಸ್ ಪ್ರಕಾರ ಕೊನೆಯ ದಿನ, ಕೆಲಸ ಹಸ್ತಾಂತರಿಸುವ ಭರವಸೆ. ಐದು ವರ್ಷಗಳ ಅಸಮಾಧಾನವನ್ನೆಲ್ಲ ಅಲ್ಲಿ ಸುರಿಯಲು ಮನಸ್ಸಾಗುವುದು ಸಹಜ, ಆದರೆ ಆ ಕಾಗದ ನಿಮ್ಮ ಕಡತದಲ್ಲಿ ಉಳಿಯುತ್ತದೆ. ರಾಜೀನಾಮೆ ಅಂಗೀಕಾರವಾಯಿತೆಂಬ ಉತ್ತರವೂ ಬರಹದಲ್ಲೇ ಬರಬೇಕು.

ಸಂಬಳ ಏರಿಸುತ್ತೇವೆ, ಉಳಿಯಿರಿ ಎಂಬ ಕೌಂಟರ್ ಆಫರ್ ಬಂದರೆ, ಬಿಡಲು ನಿಜವಾದ ಕಾರಣ ಸಂಬಳವೇ ಆಗಿತ್ತೇ ಎಂದು ಕೇಳಿಕೊಳ್ಳಿ. ಅಲ್ಲವಾದರೆ ಆರು ತಿಂಗಳಲ್ಲಿ ಮತ್ತೆ ಅದೇ ಪತ್ರ ಬರೆಯುತ್ತೀರಿ ಎಂಬುದು ನನ್ನ ಅಂದಾಜು.

ಲ್ಯಾಪ್‌ಟಾಪ್ ಒಪ್ಪಿಸುವ ಮುನ್ನ

ಕಚೇರಿಯ ಇಮೇಲ್ ಬಂದ್ ಆದ ಮೇಲೆ ನಿಮ್ಮ ಸಂಬಳದ ಚೀಟಿಯೂ ನಿಮಗೆ ಸಿಗದು. ಸಂಬಳದ ಚೀಟಿಗಳು, ತೆರಿಗೆ ಕಡಿತದ ಪ್ರಮಾಣಪತ್ರಗಳು, ಬಡ್ತಿ ಪತ್ರಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಕಂಪನಿಯ ಕೋಡ್, ಗ್ರಾಹಕರ ಪಟ್ಟಿಯನ್ನು ಮುಟ್ಟಬೇಡಿ. ಕಚೇರಿಯ ಸಾಮೂಹಿಕ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೊನೆಯ ದಿನದೊಂದಿಗೆ ಮುಗಿಯುವುದರಿಂದ, ಮನೆಯಲ್ಲಿ ವಯಸ್ಸಾದ ತಂದೆತಾಯಿ ಅದನ್ನೇ ನಂಬಿದ್ದರೆ ಬೇರೆ ಪಾಲಿಸಿಯ ಏರ್ಪಾಡು ಮೊದಲೇ ಆಗಿರಬೇಕು.

ಬರಬೇಕಾದ ಹಣ

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪೈಕಿ ವೇತನ ಸಂಹಿತೆಯ ಪ್ರಕಾರ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಇಡುಗಂಟಾದ ಗ್ರಾಚ್ಯುಟಿಗೆ ಕಾಯಂ ನೌಕರರು ಐದು ವರ್ಷ ನಿರಂತರ ಸೇವೆ ಮಾಡಿರಬೇಕು. ನಿಗದಿತ ಅವಧಿಯ ಕರಾರಿನವರಿಗೆ ಈಗ ಒಂದು ವರ್ಷ ಸಾಕು. ಗ್ರಾಚ್ಯುಟಿ ಮೊತ್ತ ತಿಳಿಯಲು ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ವೇತನ 30,000 ರೂಪಾಯಿ, ಸೇವೆ ಆರು ವರ್ಷವಾದರೆ ಸುಮಾರು 1.04 ಲಕ್ಷ ರೂಪಾಯಿ. ಇಲ್ಲಿ ಮನೆಬಾಡಿಗೆ ಭತ್ಯೆಯನ್ನು ಸೇರಿಸಿಕೊಂಡು ಆಸೆಪಟ್ಟು ನಿರಾಶರಾಗುವವರಿದ್ದಾರೆ.

ಪಿಎಫ್ ಹಣವನ್ನು ತೆಗೆಯದೆ, ಯುಎಎನ್ ಎಂಬ ನಿಮ್ಮ ಅದೇ ಪಿಎಫ್ ಸದಸ್ಯತ್ವ ಸಂಖ್ಯೆಯನ್ನು ಹೊಸ ಕಂಪನಿಗೆ ಕೊಟ್ಟು ವರ್ಗಾಯಿಸುವುದೇ ಲೇಸು. ಐದು ವರ್ಷದೊಳಗೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಜೊತೆಗೆ ಮಾಸಿಕ ಪಿಂಚಣಿಗೆ ಬೇಕಾದ ಹತ್ತು ವರ್ಷಗಳ ಸೇವೆಯ ಲೆಕ್ಕ, ಪಿಂಚಣಿ ಪಾಲನ್ನೂ ತೆಗೆದುಕೊಂಡವರಿಗೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಹಳೆಯ ಕಂಪನಿ ನೀವು ಬಿಟ್ಟ ದಿನಾಂಕವನ್ನು ಪಿಎಫ್ ಜಾಲತಾಣದಲ್ಲಿ ನಮೂದಿಸದೆ ಹೋದರೆ ವರ್ಗಾವಣೆ ಅಲ್ಲೇ ನಿಲ್ಲುತ್ತದೆ. ಆಗ ಯಾರ ಕೈಕಾಲೂ ಹಿಡಿಯಬೇಕಾಗಿಲ್ಲ: ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳು ಕಳೆದ ಬಳಿಕ, ಆಧಾರ್ ಜೋಡಣೆಯಾಗಿರುವ ಸದಸ್ಯರು ‘ಮಾರ್ಕ್ ಎಕ್ಸಿಟ್’ ಆಯ್ಕೆಯ ಮೂಲಕ ಆ ದಿನಾಂಕವನ್ನು ತಾವೇ ತುಂಬಬಹುದು. ಒಮ್ಮೆ ತುಂಬಿದ್ದನ್ನು ತಿದ್ದಿಸುವುದು ಮಾತ್ರ ದೊಡ್ಡ ತಲೆನೋವು. ರಿಲೀವಿಂಗ್ ಲೆಟರ್ ಎದುರಿಗಿಟ್ಟುಕೊಂಡೇ ತುಂಬಿ.